ಹತ್ತು ಜನರ ಹುಲ್ಲುಕಡ್ಡಿ: ಸಂಘಗಳಲ್ಲಿ ಸದಸ್ಯರ ಸ್ವಭಾವ ಮತ್ತು ನಡವಳಿಕೆ

ಯಲಹಂಕದಿಂದಾಚೆ ರಾಜಾನುಕುಂಟೆ, ಬಾಗಲೂರು ಕಡೆಯ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಹಾಲಿನ ಡೇರಿಗೆ ಬರುವ ರೈತರು ಬಹಳ ಎಚ್ಚರದಿಂದಿರುತ್ತಾರೆ. ಹಾಲು ಎಷ್ಟು ಲೀಟರು ತೂಗಿತು, ಜಿಡ್ಡು ಎಷ್ಟು ಬಂತು, ಚೀಟಿಯಲ್ಲಿ ಏನು ಬರೆದರು ಎಂಬುದನ್ನು ನೋಡದೆ ಯಾರೂ ಹಿಂದಿರುಗುವುದಿಲ್ಲ. ಅದೇ ಸಂಘದ ವಾರ್ಷಿಕ ಮಹಾಸಭೆಗೆ ಕರೆದಾಗ ಮಾತ್ರ ಪರಿಸ್ಥಿತಿ ಬೇರೆ. ಕೆಲವರು ಬರುವುದೇ ಇಲ್ಲ. ಬಂದವರಲ್ಲಿಯೂ ಹಲವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಸುಮ್ಮನೆ ಕುಳಿತಿರುತ್ತಾರೆ. ಕಾರಣ ಕೇಳಿದರೆ "ಜನ ಸರಿಯಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಬೆಳಿಗ್ಗೆ ಅಷ್ಟು ಚುರುಕಾಗಿದ್ದವರು ಸಭೆಯಲ್ಲಿ ನಿರುತ್ಸಾಹಿಗಳಾದದ್ದು ಏಕೆ? ಜನ ಅವರೇ, ಸಂಘವೂ ಅದೇ ಅಲ್ಲವೆ?

ಈ ಪ್ರಶ್ನೆಗೆ ಮನಶ್ಶಾಸ್ತ್ರವು ಕಳೆದ ನೂರು ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದೆ. ಮನುಷ್ಯನು ಸಂಘ ಸಂಸ್ಥೆಗಳಲ್ಲಿ ನಡೆದುಕೊಳ್ಳುವ ರೀತಿಗೆ ಮುಖ್ಯವಾಗಿ ಮೂರು ಕಾರಣಗಳಿವೆ: ಅವನು ಯೋಚಿಸುವ ಕ್ರಮ, ಅವನ ಸ್ವಭಾವ ಮತ್ತು ಅವನನ್ನು ಇರಿಸಿದ ಸನ್ನಿವೇಶ. ಮೊದಲಿನ ಎರಡನ್ನು ಬದಲಾಯಿಸುವುದು ಕಷ್ಟ. ಮೂರನೆಯದನ್ನು ಸಂಘವು ತಾನೇ ಬದಲಾಯಿಸಬಹುದು. ಈ ಲೇಖನದ ಮುಖ್ಯ ಆಶಯ ಇದು.

ಈಗ ಈ ವಿಷಯವೇಕೆ?

ಬೆಂಗಳೂರಿನ ಉತ್ತರ ಭಾಗದ ರೈತರಿಗೆ ಸಂಘ ಕಟ್ಟುವುದು ಹೊಸದೇನಲ್ಲ. 1959ರಲ್ಲಿ ಡಾ. ಎಂ.ಹೆಚ್. ಮರಿಗೌಡರ ಪ್ರಯತ್ನದಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದು ಬೆಂಗಳೂರಿನಲ್ಲಿ ಆರಂಭವಾಯಿತು. ಅದೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆಯಿತು. 1970ರ ದಶಕದ ಮಧ್ಯಭಾಗದಲ್ಲಿ ವಿಶ್ವ ಬ್ಯಾಂಕಿನ ನೆರವಿನ ಡೇರಿ ಅಭಿವೃದ್ಧಿ ಯೋಜನೆ ಬಂದು ಹಳ್ಳಿ ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘಗಳು ಹುಟ್ಟಿದವು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವು ರೂಪುಗೊಂಡಿತು.

ಇಂದು ನಗರ ಬೆಳೆದು ಹಿಡುವಳಿಗಳು ಕುಗ್ಗುತ್ತಿವೆ. ಒಬ್ಬ ರೈತನು ನಾಲ್ಕಾರು ಮೂಟೆ ಮಾಲನ್ನು ಯಶವಂತಪುರದ ಮಾರುಕಟ್ಟೆಗೆ ಒಯ್ದು ಬೆಲೆ ಕೇಳುವುದಕ್ಕೂ, ನೂರು ಮಂದಿ ಒಟ್ಟಾಗಿ ಲೋಡು ತುಂಬಿಸಿ ಕೇಳುವುದಕ್ಕೂ ವ್ಯತ್ಯಾಸವಿದೆ. ಈ ಉದ್ದೇಶದಿಂದಲೇ ಕೇಂದ್ರ ಸರ್ಕಾರವು 2020ರಲ್ಲಿ ದೇಶದಾದ್ಯಂತ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿತು. ಈ ಯೋಜನೆಯಡಿ ಬಯಲು ಸೀಮೆಯಲ್ಲಿ ಒಂದು ಸಂಸ್ಥೆಗೆ ಕನಿಷ್ಠ 300 ಸದಸ್ಯರಿರಬೇಕು. ಆಡಳಿತ ವೆಚ್ಚಕ್ಕೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ. ಮೂರು ವರ್ಷ ಕಳೆದ ಮೇಲೆ ಸಂಸ್ಥೆ ತನ್ನ ಕಾಲ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ನಷ್ಟವಾಗುವುದು ಷೇರು ಹಣ ಹಾಕಿದ ರೈತನಿಗೇ. ಆದ್ದರಿಂದ ಸಂಘದ ಲೆಕ್ಕಪತ್ರವನ್ನು ತಿಳಿದುಕೊಳ್ಳುವಷ್ಟೇ ಶ್ರದ್ಧೆಯಿಂದ ಸಂಘದೊಳಗಿನ ಮನುಷ್ಯರನ್ನೂ ತಿಳಿದುಕೊಳ್ಳಬೇಕಾಗಿದೆ.

ಹಗ್ಗ ಎಳೆದ ಪರೀಕ್ಷೆ

"ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ" ಎಂಬ ಗಾದೆ ಎಲ್ಲರಿಗೂ ಗೊತ್ತು. ಹತ್ತು ಮಂದಿ ಒಂದೊಂದು ಕಡ್ಡಿ ಕೊಟ್ಟರೆ ಒಂದು ಹೊರೆಯಾಗುತ್ತದೆ, ನಿಜ. ಆದರೆ ಹತ್ತೂ ಮಂದಿ ತಮ್ಮ ಪಾಲಿನ ಕಡ್ಡಿಯನ್ನು ಕೊಡುತ್ತಾರೆಯೆ ಎಂಬುದನ್ನು ಮೊದಲು ಅಳೆದು ನೋಡಿದವರು ಫ್ರಾನ್ಸಿನ ಕೃಷಿ ಎಂಜಿನಿಯರಿಂಗ್ ಪ್ರಾಧ್ಯಾಪಕ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್. ಜಾನುವಾರು, ಯಂತ್ರ ಮತ್ತು ಮನುಷ್ಯರ ಎಳೆಯುವ ಶಕ್ತಿಯನ್ನು ಅಳೆಯುವುದು ಅವರ ಕೆಲಸವಾಗಿತ್ತು. 1880ರ ದಶಕದಲ್ಲಿ ಅವರು ಜನರಿಂದ ಹಗ್ಗ ಎಳೆಸಿ, ಬಲವನ್ನು ಮಾಪಕದಲ್ಲಿ ಅಳೆದು, ಫಲಿತಾಂಶವನ್ನು 1913ರಲ್ಲಿ ಪ್ರಕಟಿಸಿದರು.

ಅವರು ಕೊಟ್ಟ ಅಂಕಿಗಳು ಹೀಗಿವೆ. ಒಬ್ಬನೇ ಎಳೆದಾಗಿನ ಬಲವನ್ನು 100 ಎಂದಿಟ್ಟುಕೊಂಡರೆ, ಇಬ್ಬರು ಕೂಡಿ ಎಳೆದಾಗ ತಲಾ 93, ನಾಲ್ವರು ಎಳೆದಾಗ ತಲಾ 77, ಎಂಟು ಮಂದಿ ಎಳೆದಾಗ ತಲಾ 49 ಮಾತ್ರ. ಅಂದರೆ ಎಂಟು ಮಂದಿ ಸೇರಿ ಎಳೆದ ಬಲವು ಪೂರ್ತಿ ಶಕ್ತಿಯಿಂದ ಎಳೆಯುವ ನಾಲ್ವರ ಬಲಕ್ಕಿಂತ ತುಸು ಕಡಿಮೆಯೇ ಆಯಿತು.

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದಿಲ್ಲ, ಹೊಂದಾಣಿಕೆ ತಪ್ಪುತ್ತದೆ. ಎರಡನೆಯದು, ತನ್ನ ಪಾಲು ಎಷ್ಟೆಂದು ಬೇರೆ ಮಾಡಿ ತೋರುವುದಿಲ್ಲವೆಂದಾಗ ಮನುಷ್ಯನು ತನಗರಿವಿಲ್ಲದೆಯೇ ಸ್ವಲ್ಪ ಸಡಿಲ ಬಿಡುತ್ತಾನೆ. 1979ರಲ್ಲಿ ಅಮೆರಿಕದ ಲಟಾನೆ, ವಿಲಿಯಮ್ಸ್ ಮತ್ತು ಹಾರ್ಕಿನ್ಸ್ ಎಂಬ ವಿಜ್ಞಾನಿಗಳು ಚಪ್ಪಾಳೆ ತಟ್ಟಿಸಿ, ಕೂಗಿಸಿ ಈ ಎರಡನೆಯ ಕಾರಣವನ್ನು ಖಚಿತಪಡಿಸಿದರು. 1981ರಲ್ಲಿ ಅವರೇ ಇನ್ನೊಂದು ಸಂಗತಿಯನ್ನು ಕಂಡುಕೊಂಡರು. ಗುಂಪಿನಲ್ಲಿದ್ದರೂ ತನ್ನ ಪಾಲು ಪ್ರತ್ಯೇಕವಾಗಿ ಗುರುತಾಗುತ್ತದೆ ಎಂದು ತಿಳಿದಾಗ ಈ ಸಡಿಲಿಕೆ ಇಲ್ಲವಾಗುತ್ತದೆ.

ಹಾಲಿನ ಡೇರಿಯ ಮುಂದೆ ಕಾಣುವ ಚುರುಕಿಗೆ ಕಾರಣ ಇಲ್ಲಿದೆ. ಅಲ್ಲಿ ಪ್ರತಿ ಸದಸ್ಯನ ಹಾಲನ್ನು ಬೇರೆಯಾಗಿಯೇ ಅಳೆಯುತ್ತಾರೆ. ಜಿಡ್ಡು ಮತ್ತು ಜಿಡ್ಡೇತರ ಘನಾಂಶವನ್ನು ಅವನ ಹೆಸರಿನಲ್ಲೇ ಬರೆಯುತ್ತಾರೆ. ಬಟವಾಡೆಯೂ ಅದರಂತೆಯೇ ಆಗುತ್ತದೆ. ಎಲ್ಲರ ಹಾಲನ್ನೂ ಅಳೆಯದೆ ಒಂದೇ ಕ್ಯಾನಿಗೆ ಸುರಿದು, ಬಂದ ಹಣವನ್ನು ಸಮನಾಗಿ ಹಂಚಿದ್ದರೆ ನೀರು ಬೆರೆಸುವವರು ಹೆಚ್ಚುತ್ತಿದ್ದರು. ಒಳ್ಳೆಯ ಹಾಲು ತರುವವನು ಬೇಸತ್ತು ಸಂಘ ಬಿಡುತ್ತಿದ್ದನು. ಜನರ ಪ್ರಾಮಾಣಿಕತೆಯ ಜೊತೆಗೆ ಅಳತೆಯ ವ್ಯವಸ್ಥೆಯೂ ಈ ಸಂಘಗಳನ್ನು ಉಳಿಸಿದೆ. ಮಹಾಸಭೆಯಲ್ಲಿ ಅಂಥ ವ್ಯವಸ್ಥೆಯಿಲ್ಲ. ಮುನ್ನೂರು ಮಂದಿಯಲ್ಲಿ ತಾನೊಬ್ಬ ಮಾತನಾಡದಿದ್ದರೆ ಏನೂ ಆಗದು ಎಂದು ಪ್ರತಿಯೊಬ್ಬನೂ ಎಣಿಸುತ್ತಾನೆ.

ಹಿಂದಿನವರಿಗೆ ಈ ಗುಟ್ಟು ತಿಳಿದಿತ್ತು. ಮುಯ್ಯಾಳಿನ ಪದ್ಧತಿಯಲ್ಲಿ ಯಾವ ಪುಸ್ತಕವೂ ಇರಲಿಲ್ಲ. ಆದರೂ ಯಾರ ಹೊಲಕ್ಕೆ ಯಾರು ಎಷ್ಟು ದಿನ ಬಂದರು ಎಂಬುದು ಎಲ್ಲರ ನೆನಪಿನಲ್ಲಿರುತ್ತಿತ್ತು. ಹತ್ತು ಮನೆಗಳ ನಡುವೆ ನೆನಪು ಸಾಕಾಗುತ್ತದೆ. ಮುನ್ನೂರು ಮನೆಗಳ ಸಂಸ್ಥೆಗೆ ಪುಸ್ತಕ ಬೇಕು.

ಯೋಚಿಸುವ ಕ್ರಮಗಳು

ಹೊಸ ತಳಿಯೊಂದು ಬಂದಾಗ ಊರಿನ ರೈತರೆಲ್ಲ ಒಂದೇ ರೀತಿ ಯೋಚಿಸುವುದಿಲ್ಲ. 1990ರ ದಶಕದಲ್ಲಿ ಹೆಬ್ಬಾಳದ ಪಕ್ಕದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಿಂದ ಬಂದ, ಬೆಂಕಿರೋಗವನ್ನು ತಡೆದುಕೊಳ್ಳುವ ಜಿ.ಪಿ.ಯು.-28 ರಾಗಿಯಂಥ ತಳಿಯೂ ಒಂದೇ ವರ್ಷದಲ್ಲಿ ಎಲ್ಲ ಹೊಲಗಳನ್ನು ಸೇರಲಿಲ್ಲ. ಯಾವ ತಳಿಯೂ ಹಾಗೆ ಸೇರುವುದಿಲ್ಲ. ಒಬ್ಬನು ಮೊದಲ ವರ್ಷವೇ ಒಂದು ಮಡಿಯಲ್ಲಿ ಬಿತ್ತಿ ನೋಡುತ್ತಾನೆ. ಇನ್ನೊಬ್ಬನು ಅವನ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಬೀಜ ಕೇಳುತ್ತಾನೆ. ಮತ್ತೊಬ್ಬನು ಊರೆಲ್ಲ ಬಿತ್ತಿದ ಮೇಲೂ ಹಳೆಯದನ್ನು ಬಿಡುವುದಿಲ್ಲ.

ಈ ಬಗ್ಗೆ ಹೆಸರಾದ ಅಧ್ಯಯನವನ್ನು ರಯಾನ್ ಮತ್ತು ಗ್ರಾಸ್ ಎಂಬ ಸಮಾಜ ವಿಜ್ಞಾನಿಗಳು ಅಮೆರಿಕದ ಅಯೋವಾ ರಾಜ್ಯದಲ್ಲಿ ನಡೆಸಿ 1943ರಲ್ಲಿ ಪ್ರಕಟಿಸಿದರು. ಅಲ್ಲಿನ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ 1928ರಿಂದ 1941ರೊಳಗೆ ಹೈಬ್ರಿಡ್ ಮುಸುಕಿನ ಜೋಳವನ್ನು ಒಪ್ಪಿಕೊಂಡಿದ್ದರು. ಸುದ್ದಿ ಮೊದಲು ಬಂದದ್ದು ಬೀಜ ಮಾರುವವರಿಂದ. ನಂಬಿಕೆ ಬಂದದ್ದು ನೆರೆಹೊರೆಯವರಿಂದ. 1962ರಲ್ಲಿ ಎವರೆಟ್ ರೋಜರ್ಸ್ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ಜನರನ್ನು ಐದು ಗುಂಪುಗಳಾಗಿ ವಿಂಗಡಿಸಿದರು: ಮೊದಲಿಗೆ ಪ್ರಯೋಗ ಮಾಡುವವರು ಶೇಕಡ 2.5, ಬೇಗ ಒಪ್ಪುವವರು 13.5, ನೋಡಿ ಒಪ್ಪುವವರು 34, ತಡವಾಗಿ ಒಪ್ಪುವವರು 34, ಕೊನೆಯವರು 16.

ವಿಸ್ತರಣಾ ಕಾರ್ಯಕರ್ತರು ಇಲ್ಲಿ ಎಚ್ಚರ ವಹಿಸಬೇಕು. ಕೊನೆಯವರನ್ನು ದಡ್ಡರೆಂದು ತಿಳಿಯುವುದು ತಪ್ಪು. ಕಾನ್‌ಮನ್ ಮತ್ತು ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ತೋರಿಸಿದಂತೆ, ಸಾವಿರ ರೂಪಾಯಿ ಲಾಭದ ಸಂತೋಷಕ್ಕಿಂತ ಸಾವಿರ ರೂಪಾಯಿ ನಷ್ಟದ ನೋವು ಮನಸ್ಸಿಗೆ ಹೆಚ್ಚು ಭಾರ. ಹತ್ತು ಎಕರೆ ಉಳ್ಳವನು ಒಂದು ಮಡಿಯನ್ನು ಪ್ರಯೋಗಕ್ಕೆ ಬಿಟ್ಟುಕೊಡಬಲ್ಲ. ಒಂದೇ ಎಕರೆಯವನಿಗೆ ಆ ಮಡಿಯೇ ಮನೆಯ ಒಂದು ತಿಂಗಳ ಹಿಟ್ಟು. ಅವನ ಹಿಂಜರಿಕೆಯಲ್ಲಿ ಲೆಕ್ಕವಿದೆ.

ಸಂಘದ ಆಡಳಿತದಲ್ಲೂ ಹೀಗೆಯೇ. ಇಂಗ್ಲೆಂಡಿನ ಮೈಕೇಲ್ ಕರ್ಟನ್ 1976ರಲ್ಲಿ ಸಂಸ್ಥೆಗಳಲ್ಲಿರುವವರ ಯೋಚನಾಕ್ರಮವನ್ನು ಎರಡು ತುದಿಗಳ ನಡುವೆ ಇಟ್ಟು ವಿವರಿಸಿದರು. ಒಂದು ತುದಿಯಲ್ಲಿ ಇರುವುದನ್ನೇ ಒಪ್ಪವಾಗಿ, ಇನ್ನಷ್ಟು ಚೆನ್ನಾಗಿ ಮಾಡುವವರು. ಇನ್ನೊಂದು ತುದಿಯಲ್ಲಿ ಕ್ರಮವನ್ನೇ ಬದಲಾಯಿಸಬೇಕೆನ್ನುವವರು. ಇವರಲ್ಲಿ ಮೇಲು ಕೀಳಿಲ್ಲ. ಬರೀ ಮೊದಲಿನವರಿರುವ ಆಡಳಿತ ಮಂಡಲಿ ಕಾಲಕ್ಕೆ ಹಿಂದೆ ಬೀಳುತ್ತದೆ. ಬರೀ ಎರಡನೆಯವರಿರುವ ಮಂಡಲಿ ವರ್ಷಕ್ಕೊಂದು ಹೊಸ ಯೋಜನೆ ಹಿಡಿದು ಬಂಡವಾಳ ಕಳೆದುಕೊಳ್ಳುತ್ತದೆ. ಒಬ್ಬರು ಇನ್ನೊಬ್ಬರಿಗೆ ತೊಡಕಾಗಿ ಕಂಡರೂ ಸಂಘಕ್ಕೆ ಇಬ್ಬರೂ ಬೇಕು.

ಸ್ವಭಾವಕ್ಕೆ ತಕ್ಕ ಕೆಲಸ

"ಹುಟ್ಟುಗುಣ ಸುಟ್ಟರೂ ಹೋಗದು" ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ವಯಸ್ಕರ ಸ್ವಭಾವ ಬದಲಾಗುವುದು ಬಹಳ ನಿಧಾನ. ಮನಶ್ಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಇಂದು ಸ್ವಭಾವವನ್ನು ಐದು ಅಳತೆಗಳಲ್ಲಿ ನೋಡುತ್ತಾರೆ: ಹೊಸತನ್ನು ಸ್ವಾಗತಿಸುವ ಗುಣ, ಅಚ್ಚುಕಟ್ಟುತನ, ಜನರೊಡನೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ ಮತ್ತು ಬೇಗ ಕಳವಳಗೊಳ್ಳುವ ಗುಣ. ಎತ್ತರ ತೂಕಗಳಂತೆ ಇವೂ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತವೆ. ಆದ್ದರಿಂದ ಹತ್ತು ಪ್ರಶ್ನೆ ಕೇಳಿ "ನೀವು ಇಂಥ ಜಾತಿಯ ಮನುಷ್ಯ" ಎಂದು ಹಣೆಪಟ್ಟಿ ಅಂಟಿಸುವ ಪರೀಕ್ಷೆಗಳನ್ನು ನಂಬಿ ಸಂಘದ ನೌಕರರನ್ನು ಆರಿಸುವುದು ಸೂಕ್ತವಲ್ಲ.

ಬ್ಯಾರಿಕ್ ಮತ್ತು ಮೌಂಟ್ ಎಂಬವರು ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿ 1991ರಲ್ಲಿ ಪ್ರಕಟಿಸಿದ ಫಲಿತಾಂಶ ರೈತರಿಗೂ ಉಪಯುಕ್ತ. ಈ ಐದು ಗುಣಗಳಲ್ಲಿ ಅವರು ನೋಡಿದ ಎಲ್ಲ ಬಗೆಯ ಉದ್ಯೋಗಗಳಲ್ಲೂ ಕೆಲಸದ ಗುಣಮಟ್ಟದೊಂದಿಗೆ ಸಂಬಂಧ ತೋರಿದ್ದು ಅಚ್ಚುಕಟ್ಟುತನ. ಬೆರೆಯುವ ಗುಣ ನೆರವಾದದ್ದು ಮಾರಾಟ ಮತ್ತು ಮೇಲ್ವಿಚಾರಣೆಯಂಥ, ಜನರೊಡನೆ ವ್ಯವಹರಿಸುವ ಕೆಲಸಗಳಲ್ಲಿ.

ಸಂಘಗಳಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಮಾತನಾಡುವವನನ್ನೇ ಎಲ್ಲ ಕೆಲಸಕ್ಕೂ ಮುಂದೆ ಮಾಡುತ್ತಾರೆ. ಮಾತುಗಾರನು ಮಂಡಿಯಲ್ಲಿ ಬೆಲೆ ಕುದುರಿಸಲು, ಖರೀದಿದಾರರನ್ನು ಕಾಣಲು ತಕ್ಕವನು. ನಗದು ಪುಸ್ತಕ, ದಾಸ್ತಾನು ಪುಸ್ತಕ ಮತ್ತು ಹಾಲು ಪರೀಕ್ಷೆಗೆ ಬೇಕಾದವನು ಪ್ರತಿದಿನವೂ ಅದೇ ಹೊತ್ತಿಗೆ ಬಂದು ಅದೇ ಕೆಲಸವನ್ನು ತಪ್ಪಿಲ್ಲದೆ ಮಾಡುವ ಮನುಷ್ಯ. ಅವನು ಸಭೆಯಲ್ಲಿ ತುಟಿ ಬಿಚ್ಚದಿದ್ದರೂ ಚಿಂತೆಯಿಲ್ಲ. ಬಾಕಿ ವಸೂಲಿ ಮತ್ತು ಜಗಳ ಬಗೆಹರಿಸುವ ಕೆಲಸಕ್ಕೆ ಬೇಗ ಸಿಟ್ಟಿಗೇಳದವರು ಬೇಕು. ಇದನ್ನು ತಿಳಿಯಲು ಪರೀಕ್ಷೆ ಬೇಡ. ಯಾರ ಹೊಲದ ಬದು ಸ್ವಚ್ಛವಾಗಿದೆ, ಯಾರು ಕೈಸಾಲವನ್ನು ಹೇಳಿದ ದಿನ ತೀರಿಸುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಸನ್ನಿವೇಶದ ಬಲ

ಒಬ್ಬ ಸದಸ್ಯನು ಕಂತು ಕಟ್ಟದಿದ್ದರೆ "ಅವನ ಬುದ್ಧಿಯೇ ಅಷ್ಟು" ಎನ್ನುವುದು ವಾಡಿಕೆ. ತಾನೇ ತಪ್ಪಿದಾಗ ಮಾತ್ರ "ಮಳೆ ಕೈಕೊಟ್ಟಿತು" ಎನ್ನುತ್ತಾರೆ. ಇತರರ ನಡವಳಿಕೆಗೆ ಸ್ವಭಾವವೇ ಕಾರಣವೆಂದು ಅತಿಯಾಗಿ ನಂಬಿ, ಸನ್ನಿವೇಶವನ್ನು ಮರೆಯುವ ಈ ಒಲವನ್ನು ಅಮೆರಿಕದ ಲೀ ರಾಸ್ 1977ರಲ್ಲಿ ಮನುಷ್ಯರ ಮೂಲಭೂತ ತಪ್ಪೆಣಿಕೆ ಎಂದು ಕರೆದರು.

ಸನ್ನಿವೇಶಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ನಡೆದ ಅಧ್ಯಯನವೊಂದು ಸಾಕ್ಷಿ. ಆನಂದಿ ಮಣಿ, ಸೆಂದಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಅಲ್ಲಿನ 464 ಕಬ್ಬು ಬೆಳೆಗಾರರಿಗೆ, ಕೈಯಲ್ಲಿ ಹಣವಿಲ್ಲದ ಕಟಾವಿನ ಮುಂಚಿನ ದಿನಗಳಲ್ಲಿ ಒಮ್ಮೆ, ಹಣ ಬಂದ ಕಟಾವಿನ ನಂತರ ಒಮ್ಮೆ, ಯೋಚನಾ ಸಾಮರ್ಥ್ಯದ ಪರೀಕ್ಷೆ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದೇ ರೈತರು ಕಟಾವಿಗೆ ಮುಂಚೆ ಕಡಿಮೆ ಅಂಕ ಪಡೆದರು. ನಂತರ ಹೆಚ್ಚು ಪಡೆದರು. ಬುದ್ಧಿ ಅದೇ ಇತ್ತು. ಸಾಲ, ಬಡ್ಡಿ, ಮನೆಖರ್ಚಿನ ಚಿಂತೆ ಮನಸ್ಸಿನ ಒಂದು ಭಾಗವನ್ನು ಆಕ್ರಮಿಸಿಕೊಂಡಿತ್ತು.

ಇದರಿಂದ ಸಂಘಗಳು ಕಲಿಯಬೇಕಾದದ್ದು ಸರಳ. ಷೇರು ಹೆಚ್ಚಿಸುವುದು, ಯಂತ್ರ ಕೊಳ್ಳುವುದು, ಸಾಲದ ಕರಾರಿಗೆ ಸಹಿ ಹಾಕಿಸುವುದು ಮುಂತಾದ ದೊಡ್ಡ ತೀರ್ಮಾನಗಳನ್ನು ಸುಗ್ಗಿಯ ನಂತರ ಇಟ್ಟುಕೊಳ್ಳಬೇಕು. ಕಂತುಗಳೂ ಹಣ ಬರುವ ಕಾಲಕ್ಕೆ ಹೊಂದಬೇಕು. ಹಾಲಿನ ಬಟವಾಡೆ ಇರುವವರಿಗೆ ಸಣ್ಣ ಕಂತು, ರಾಗಿ ಬೆಳೆಗಾರರಿಗೆ ಸುಗ್ಗಿಯ ಕಂತು ಅನುಕೂಲ.

ಸಭೆ ಮತ್ತು ಮುಂದಾಳು

1939ರಲ್ಲಿ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರಾದ ಲಿಪ್ಪಿಟ್, ವೈಟ್ ಎಂಬವರು ಹುಡುಗರ ಗುಂಪುಗಳನ್ನು ಮಾಡಿ ಮುಂದಾಳುತನದ ಪರಿಣಾಮವನ್ನು ನೋಡಿದರು. ಎಲ್ಲವನ್ನೂ ತಾನೇ ಅಪ್ಪಣೆ ಮಾಡುವ ಮುಂದಾಳು ಎದುರಿಗಿದ್ದಾಗ ಕೆಲಸ ಚೆನ್ನಾಗಿಯೇ ನಡೆಯಿತು. ಅವನು ಹೊರಗೆ ಹೋದೊಡನೆ ಕುಸಿಯಿತು. ಹುಡುಗರೊಡನೆ ಚರ್ಚಿಸಿ ನಿರ್ಧರಿಸಿದ ಮುಂದಾಳು ಹೊರಗೆ ಹೋದರೂ ಕೆಲಸ ಸಾಗಿತು. ಒಬ್ಬ ಅಧ್ಯಕ್ಷನ ಹೆಸರಿನ ಮೇಲೆಯೇ ನಿಂತ ಸಂಘಗಳು ಅವನ ಅವಧಿ ಮುಗಿದೊಡನೆ ಬಾಗಿಲು ಹಾಕುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೆವಿನ್ ಇನ್ನೊಂದು ಪ್ರಯೋಗ ಮಾಡಿದರು. ಬಳಕೆಯಲ್ಲಿಲ್ಲದ ಒಂದು ಬಗೆಯ ಮಾಂಸವನ್ನು ಅಡುಗೆಗೆ ಬಳಸುವಂತೆ ಗೃಹಿಣಿಯರ ಕೆಲವು ಗುಂಪುಗಳಿಗೆ ಉಪನ್ಯಾಸ ಕೊಡಿಸಿದರು. ಇನ್ನು ಕೆಲವು ಗುಂಪುಗಳು ತಾವೇ ಚರ್ಚಿಸಿ ಕೈಯೆತ್ತಿ ನಿರ್ಧರಿಸುವಂತೆ ಮಾಡಿದರು. ಉಪನ್ಯಾಸ ಕೇಳಿದವರಲ್ಲಿ ಶೇಕಡ 3 ಮಂದಿ ಅದನ್ನು ಬಳಸಿದರು. ಚರ್ಚಿಸಿದವರಲ್ಲಿ ಶೇಕಡ 32 ಮಂದಿ. ತರಬೇತಿ ಶಿಬಿರಗಳಲ್ಲಿ ಭಾಷಣವನ್ನೇ ನೆಚ್ಚಿಕೊಂಡ ಕಾರ್ಯಕರ್ತರು ಈ ಅಂಕಿಗಳನ್ನು ನೆನಪಿಡಬೇಕು.

ಸಭೆಯ ಮೌನಕ್ಕೂ ಕಾರಣವಿದೆ. 1951ರಲ್ಲಿ ಸಾಲಮನ್ ಆಶ್ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೇ ಹೇಳಿಕೊಟ್ಟಂತೆ ಉಳಿದವರೆಲ್ಲ ಒಂದು ಗೆರೆಯ ಉದ್ದವನ್ನು ತಪ್ಪಾಗಿ ಹೇಳಿದಾಗ, ಕಣ್ಣೆದುರಿನ ಸತ್ಯವನ್ನು ಬಿಟ್ಟು ಅವರಂತೆಯೇ ಹೇಳಿದವರು ಬಹಳ ಮಂದಿ. ಆದರೆ ಒಬ್ಬನಾದರೂ ಸರಿಯಾದ ಉತ್ತರ ಹೇಳಿದರೆ ಇತರರಿಗೂ ಧೈರ್ಯ ಬಂತು. ಅಧ್ಯಕ್ಷರು ಮತ್ತು ಊರ ಹಿರಿಯರು ಮೊದಲು ಮಾತನಾಡಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ. ಹಸುವಿನ ಮೈ ತೊಳೆದು, ಮೇವು ಹಾಕಿ, ಹಾಲು ಕರೆಯುವ ಹೆಂಗಸರು ಎಷ್ಟೋ ಕಡೆ ಸದಸ್ಯರೇ ಆಗಿರುವುದಿಲ್ಲ. ಸದಸ್ಯರಾದವರೂ ಹಿಂದಿನ ಸಾಲಿನಲ್ಲಿರುತ್ತಾರೆ. ಕೆಲಸ ತಿಳಿದವರ ಅಭಿಪ್ರಾಯವೇ ಸಂಘಕ್ಕೆ ದೊರೆಯದೆ ಹೋಗುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಪ್ರತಿ ಸದಸ್ಯನ ಪಾಲು ಬೇರೆಯಾಗಿ ಕಾಣುವಂತೆ ಲೆಕ್ಕವಿಡಬೇಕು. ಮಾಲಿನ ತೂಕ, ದರ್ಜೆ, ಸಂದ ಹಣ ಇವುಗಳ ಪಟ್ಟಿಯನ್ನು ಸಂಘದ ಗೋಡೆಯ ಮೇಲೆ ಹಾಕಬೇಕು.

2. ಮುನ್ನೂರು ಮಂದಿಯ ಸಂಸ್ಥೆಯನ್ನು ಹತ್ತು ಹದಿನೈದು ಮಂದಿಯ ಗುಂಪುಗಳಾಗಿ ವಿಂಗಡಿಸಬೇಕು. ವಿಷಯ ಮೊದಲು ಗುಂಪುಗಳಲ್ಲಿ ಚರ್ಚೆಯಾಗಿ ಆ ಮೇಲೆ ಸಭೆಗೆ ಬರಬೇಕು.

3. ಸಭೆಯಲ್ಲಿ ಅಧ್ಯಕ್ಷರು ಕೊನೆಯಲ್ಲಿ ಮಾತನಾಡಬೇಕು. ಮುಖ್ಯ ವಿಷಯಗಳಿಗೆ ಚೀಟಿಯಲ್ಲಿ ಅಭಿಪ್ರಾಯ ಪಡೆಯುವುದು ಒಳ್ಳೆಯದು. ದುಡಿಯುವ ಹೆಂಗಸರ ಹೆಸರಿನಲ್ಲೇ ಸದಸ್ಯತ್ವ ಕೊಡಬೇಕು.

4. ಪುಸ್ತಕಕ್ಕೆ ಅಚ್ಚುಕಟ್ಟಾದವರು, ಮಾರಾಟಕ್ಕೆ ಮಾತು ಬಲ್ಲವರು, ವಸೂಲಿಗೆ ತಾಳ್ಮೆಯುಳ್ಳವರು ಎಂಬಂತೆ ಕೆಲಸ ಹಂಚಬೇಕು. ಒಬ್ಬನ ಕೈಯಲ್ಲೇ ಎಲ್ಲವನ್ನೂ ಇಡಬಾರದು.

5. ಹೊಸ ಪದ್ಧತಿಯನ್ನು ಮೊದಲು ನಷ್ಟ ತಡೆದುಕೊಳ್ಳಬಲ್ಲವರ ಹೊಲದಲ್ಲಿ ಮಾಡಿಸಿ, ಸಣ್ಣ ರೈತರಿಗೆ ಅದನ್ನು ಕಣ್ಣಾರೆ ತೋರಿಸಬೇಕು.

6. ತಪ್ಪಿದವರಿಗೆ ಮೊದಲು ಎಚ್ಚರಿಕೆ, ನಂತರ ಸಣ್ಣ ದಂಡ, ಕೊನೆಗೆ ದೊಡ್ಡ ಕ್ರಮ ಎಂಬ ಮೆಟ್ಟಿಲುಗಳಿರಬೇಕು. ಕೆರೆ, ಕಾಡು, ಹುಲ್ಲುಗಾವಲುಗಳನ್ನು ಬಹುಕಾಲ ಕಾಪಾಡಿಕೊಂಡು ಬಂದ ಜನಸಮುದಾಯಗಳಲ್ಲಿ ಇಂಥ ಮೆಟ್ಟಿಲುಗಳಿದ್ದುದನ್ನು, 2009ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಎಲಿನಾರ್ ಆಸ್ಟ್ರಮ್ ತಮ್ಮ ಅಧ್ಯಯನಗಳಲ್ಲಿ ಗುರುತಿಸಿದ್ದಾರೆ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಮಣ್ಣಿನ ಗುಣ ತಿಳಿಯದೆ ಗೊಬ್ಬರ ಹಾಕುವವನು ಹೇಗೆ ನಷ್ಟಕ್ಕೆ ಗುರಿಯಾಗುತ್ತಾನೆಯೋ, ಸದಸ್ಯರ ಗುಣ ಮತ್ತು ಕಷ್ಟ ತಿಳಿಯದೆ ನಿಯಮ ಮಾಡುವ ಸಂಘವೂ ಹಾಗೆಯೇ. ಹೊಸದಾಗಿ ಸಂಸ್ಥೆ ಕಟ್ಟುತ್ತಿರುವ ರೈತ ಬಾಂಧವರು ಸರ್ಕಾರದ ನೆರವು ಇರುವ ಮೊದಲ ಮೂರು ವರ್ಷಗಳಲ್ಲಿಯೇ ಮೇಲಿನ ಕ್ರಮಗಳನ್ನು ರೂಢಿಗೆ ತರುವುದು ಲೇಸು. ನೆರವು ನಿಂತ ಮೇಲೆ ಸಂಸ್ಥೆಯನ್ನು ಕಾಯುವುದು ಆ ರೂಢಿಯೇ.